ಐವತ್ತೊಂದನೆಯ ಹಾಳೆ

ಬುಖಾರಾದ ಯೆಹೂದಿ ಕೇರಿಯಲ್ಲಿ ಸಿವ್ಯೊ ಮನೆ ಯಾವುದು ಎಂದು ಕೇಳಿದರೆ ಒಬ್ಬರಿಗೂ ತಟ್ಟನೆ ಹೊಳೆಯುವುದಿಲ್ಲ. ಮುಲ್ಲೊ ಹಿಜ್ಕಿಯೊ ಅವರ ಸೊಸೆ ಮನೆ ಎನ್ನಬೇಕು. ಆಗ ತಲೆಯ ಮೇಲೆ ರೊಟ್ಟಿ ತಟ್ಟೆ ಹೊತ್ತು ಓಡುತ್ತಿರುವವನೂ ನಿಂತು ಕೈತೋರಿಸುತ್ತಾನೆ. ಮುಲ್ಲೊ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಅವಳ ಗಂಡ ಒಶಿರ್ ಜರ್ಮನರ ಯುದ್ಧಕ್ಕೆ ಹೋದವನು ಬರಲೇ ಇಲ್ಲ. ಇವಳು ಮೂವತ್ತು ವರ್ಷ ಜರಿ ಕಸೂತಿಯ ಕಾರ್ಖಾನೆಯಲ್ಲಿ ದುಡಿದು, ಕಣ್ಣಿಗೆ ದಪ್ಪ ಗಾಜು ಬಂದು, ಈಗ ಎಪ್ಪತ್ತಕ್ಕೆ ಕಾಲಿಟ್ಟಿದ್ದಾಳೆ. ಆದರೂ ಸೊಸೆಯೇ. ಕೆಲವರ ಹಣೆಬರಹ ಹಾಗೆ, ಸಾಯುವತನಕ ಇನ್ಯಾರದೋ ಏನೋ ಆಗಿಯೇ ಇರುತ್ತಾರೆ.

ಅವಳ ಜೊತೆಗಿರುವುದು ನಾದಿನಿ ಇಸ್ತಮ್, ಮುಲ್ಲೊ ಅವರ ಸ್ವಂತ ಮಗಳು. ಇಪ್ಪತ್ತಕ್ಕೆ ಮದುವೆಯಾಗಿ ಎಂಟೇ ತಿಂಗಳಿಗೆ ತೌರಿಗೆ ವಾಪಸು ಬಂದವಳು. ಯಾಕೆ ಬಂದಳೆಂದು ಅವಳ ಬಾಯಿ ಕಂಡವರು ಯಾರೂ ಕೇಳುವುದಿಲ್ಲ. ಇಬ್ಬರೂ ಬೆಳಗೆದ್ದರೆ ಉಪ್ಪಿಗೆ ಜಗಳ, ಮಧ್ಯಾಹ್ನ ನೆರಳಿಗೆ ಜಗಳ. ಆದರೆ ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಒಲೆಯ ಮುಂದಿನಿಂದ ಏಳುವುದಿಲ್ಲ.

ಇಸ್ತಮ್‌ಗೆ ಅಪ್ಪನ ಕತೆ ಎಂದರೆ ಪ್ರಾಣ. ಮನೆಗೆ ಬಂದವರ ಮುಂದೆ ಹಸಿರು ಚಹಾದ ಬಟ್ಟಲು ಇಟ್ಟಳೋ, ಶುರು. ಆ ಕತೆ ಶುರುವಾದಾಗ ಸಿವ್ಯೊ ಏನಾದರೂ ನೆಪ ಹೇಳಿ ಒಲೆಯ ಕಡೆ ಎದ್ದು ಹೋಗುತ್ತಿದ್ದಳು. ಹಾಗೆ ಎಬ್ಬಿಸುತ್ತಿದ್ದದ್ದು ಕೋಪವೋ ಹೆದರಿಕೆಯೋ ನಗುವೋ ಅವಳಿಗೆ ನಲವತ್ತೇಳು ವರ್ಷವಾದರೂ ತಿಳಿದಿರಲಿಲ್ಲ.

ಕತೆ ಕೇರಿಗೆಲ್ಲ ಬಾಯಿಪಾಠ. ಪ್ರಾರ್ಥನೆಯ ಮನೆಯನ್ನು ಇಲ್ಲಿ ಕನಿಸೊ ಎನ್ನುತ್ತಾರೆ. ಅಲ್ಲಿಯ ಗೋಡೆಗೂಡಿನಲ್ಲಿ, ಮರದ ಕರಡಿಗೆಯೊಳಗೆ ನೆಟ್ಟಗೆ ನಿಂತಿರುವ ತೋರಾ ಸುರುಳಿಗೆ, ಎಂದರೆ ಧರ್ಮಗ್ರಂಥದ ಸುರುಳಿಗೆ, ಮಶ್ಹದಿಯ ತೋರಾ ಎಂದು ಹೆಸರು. ಮುನ್ನೂರು ವರ್ಷದ ಹಿಂದೆ ಇರಾನಿನ ಮಶ್ಹದಿನಿಂದ ಒಂಟೆಯ ಮೇಲೆ ಬಂತಂತೆ. ಮುನ್ನೂರೋ ಇನ್ನೂರೋ, ಒಂಟೆಯೋ ಕತ್ತೆಯೋ, ಕಂಡವರಿಲ್ಲ. ಕಂದು ಬಣ್ಣದ ಜಿಂಕೆ ಚರ್ಮದ ಐವತ್ತೊಂದು ಹಾಳೆಗಳನ್ನು ನರದ ದಾರದಿಂದ ಒಂದಕ್ಕೊಂದು ಹೊಲಿದು ಸುತ್ತಿದ್ದಾರೆ ಎಂಬುದು ಮಾತ್ರ ಕಣ್ಣಾರೆ ಕಾಣುವ ಸಂಗತಿ.

ಮೂವತ್ತೆಂಟನೇ ಇಸವಿಯಲ್ಲಿ ಸೋವಿಯತ್ ಸರಕಾರ ಕನಿಸೊಗೆ ಬೀಗ ಜಡಿದು ಹತ್ತಿಯ ಗೋದಾಮು ಮಾಡಿತು. ಇದ್ದ ಸುರುಳಿಗಳೆಲ್ಲ ಗಾಡಿ ಹತ್ತಿ ಹೋದವು. ಹಿಂದಿನ ದಿನವೇ ಸುಳಿವು ಸಿಕ್ಕಿದ್ದ ಮುಲ್ಲೊ ಹಿಜ್ಕಿಯೊ ಇದೊಂದನ್ನು ಎತ್ತಿಟ್ಟುಕೊಂಡಿದ್ದರು. ಅವರು ಕೇರಿಯ ಲಿಪಿಕಾರರು, ತೋರಾ ಬರೆಯುವುದು, ಹರಿದದ್ದನ್ನು ಸರಿಪಡಿಸುವುದು ಅವರ ವೃತ್ತಿ. ಇಷ್ಟು ದಪ್ಪದ ಸುರುಳಿಯನ್ನು ಬಚ್ಚಿಡುವುದೆಂದರೆ ಒಂಟೆಯನ್ನು ಸೆರಗಿನಲ್ಲಿ ಮುಚ್ಚಿದ ಹಾಗೆ. ಅದಕ್ಕೆ ಹೊಲಿಗೆಗಳನ್ನೆಲ್ಲ ಕತ್ತರಿಸಿ, ಹಾಳೆ ಹಾಳೆ ಬೇರೆ ಮಾಡಿ, ಮನೆಗೊಂದರಂತೆ ಐವತ್ತೊಂದು ಮನೆಗೆ ಹಂಚಿಬಿಟ್ಟರು. ಎಲ್ಲಿಟ್ಟೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಕೂಡದು, ಕಟ್ಟಿಕೊಂಡ ಹೆಂಡತಿಗೂ ಹೇಳಕೂಡದು ಎಂದು ಆಣೆ ಹಾಕಿಸಿದರು. ಅದಾದ ತಿಂಗಳಿಗೆ ಅವರನ್ನೂ ಹಿಡಿದುಕೊಂಡು ಹೋದರು.

ಯುದ್ಧ ಮುಗಿದು ಕನಿಸೊ ಬಾಗಿಲು ತೆರೆಯಿತು. ಮುಲ್ಲೊ ಕೂಡ ಉತ್ತರದ ಹಿಮದ ಸೆರೆಯಿಂದ ಜೀವಂತ ಬಂದರು, ಆದರೆ ಎರಡು ಕೈಯೂ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಹಾಳೆಗಳು ಒಂದೊಂದಾಗಿ ಬಂದವು. ಕೌದಿಯೊಳಗಿಂದ, ತಮಟೆಯ ಚರ್ಮದ ಕೆಳಗಿಂದ, ಸತ್ತ ಮುದುಕಿಯ ದಿಂಬಿನಿಂದ. ಎಣಿಸಿದರೆ ಐವತ್ತು. ಒಂದಿಲ್ಲ. ಅದು ಬೂಟು ಹೊಲಿಯುವ ಇಲ್ಯಾವು ಮನೆಗೆ ಹೋಗಿದ್ದ ಹಾಳೆ. ಇಲ್ಯಾವು ಯುದ್ಧದಲ್ಲಿ ಸತ್ತಿದ್ದ. ಆಣೆಗೆ ತಪ್ಪದ ಮನುಷ್ಯ, ಹೆಂಡತಿಗೆ ಒಂದು ಮಾತೂ ಹೇಳಿರಲಿಲ್ಲ. ಅಂಗಳ ಅಗೆದರು, ಹಾಸಿಗೆ ಸೀಳಿದರು, ರೊಟ್ಟಿಯ ಒಲೆ ಕಿತ್ತು ಬೋರಲು ಹಾಕಿದರು. ಸಿಗಲಿಲ್ಲ. ಒಂದು ಅಕ್ಷರ ಕಡಿಮೆಯಾದರೂ ತೋರಾ ಓದುವ ಹಾಗಿಲ್ಲ, ಇನ್ನು ಇಡೀ ಹಾಳೆ ಇಲ್ಲದಿದ್ದರೆ ಹೇಗೆ? ಆಗ ಮುಲ್ಲೊ, ‘ನಾನೇ ಹೊಸದೊಂದು ಬರೆಯುತ್ತೇನೆ’ ಎಂದರು. ಅವರ ಕೈ ನೋಡಿದ ಜನ ತಲೆ ತಗ್ಗಿಸಿದರು. ಮೂರು ತಿಂಗಳಾದ ಮೇಲೆ ಹಾಳೆ ಬಂತು. ಒಂದು ಗೆರೆ ವಕ್ರವಿಲ್ಲ.

ಇಸ್ತಮ್ ಕತೆಯ ತುತ್ತತುದಿ ಇದು. ಲೆಕ್ಕಣಿಕೆ ಕೈಗೆ ತೆಗೆದುಕೊಂಡರೆ ಅಪ್ಪನ ನಡುಕ ನಿಂತುಬಿಡುತ್ತಿತ್ತಂತೆ, ಕೆಳಗಿಟ್ಟರೆ ಮತ್ತೆ ಶುರುವಾಗುತ್ತಿತ್ತಂತೆ. ಪವಾಡ. ಕೇಳಿದವರು ಕಣ್ಣು ಒರೆಸಿಕೊಂಡು ಇನ್ನೊಂದು ಬಟ್ಟಲು ಚಹಾ ಕುಡಿಯುತ್ತಿದ್ದರು.

ಅಸಲು ಬರೆದವಳು ಸಿವ್ಯೊ.

ಹೆಂಗಸು ಬರೆದ ತೋರಾ ಓದುವುದಕ್ಕೆ ಸಲ್ಲದು ಎಂಬುದು ಕೇರಿಯ ಕೂಸಿಗೂ ಗೊತ್ತು. ಆಗ ಅವಳಿಗೆ ಇಪ್ಪತ್ಮೂರು. ಹಳೆಯ ಅಕ್ಷರ ಓದಲು ಬರುತ್ತಿರಲಿಲ್ಲ, ಕಲಿತದ್ದೆಲ್ಲ ಸರಕಾರಿ ಶಾಲೆಯ ಅಕ್ಷರ. ಆದರೆ ಕಸೂತಿಯವಳ ಕಣ್ಣು, ಒಮ್ಮೆ ನೋಡಿದ ಬಳ್ಳಿಯನ್ನು ಎಲೆ ತಪ್ಪದೆ ಇಳಿಸುವ ಕೈ. ಇಸ್ತಮ್ ಬೆಳಿಗ್ಗೆ ರೇಷ್ಮೆ ಗಿರಣಿಗೆ ಹೋದ ಮೇಲೆ ಮಾವ ಒಳಕೋಣೆಗೆ ಕರೆದು, ಎದುರಿಗೆ ಕೂರಿಸಿಕೊಂಡು, ಪುಸ್ತಕ ತೆರೆದಿಟ್ಟು ಒಂದೊಂದೇ ಪದ ಬಾಯಿಬಿಟ್ಟು ಹೇಳುತ್ತಿದ್ದರು. ಇವಳು ಅದನ್ನು ತಿರುಗಿ ಹೇಳಿ, ಚಿತ್ರ ಬರೆದ ಹಾಗೆ ಬರೆಯುತ್ತಿದ್ದಳು. ದೇವರ ಹೆಸರು ಬಂದಾಗ ಮಾತ್ರ ಮಾವ ನಡುವೆ ಒಂದು ಕರವಸ್ತ್ರ ಹಾಕಿ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಆ ಹೆಸರಾದರೂ ತನ್ನ ಕೈಯಿಂದ ಬೀಳಲಿ ಎಂದು. ಆಗ ಅವಳ ಕೈಯೂ ನಡುಗುತ್ತಿತ್ತು.

ಮುಗಿದ ದಿನ ಮುಲ್ಲೊ ಮುಖ ಬಾಡಿಸಿಕೊಂಡು ಹೇಳಿದ ಮಾತು ಅವಳಿಗೆ ಅಕ್ಷರ ಅಕ್ಷರವೂ ನೆನಪಿದೆ.

“ಇದು ತಪ್ಪು, ಮಗಳೇ. ತಪ್ಪು ಅಂತ ಗೊತ್ತಿದ್ದೇ ಮಾಡಿದೀನಿ. ಐವತ್ತು ಮನೆಯೋರು ಜೀವ ಒತ್ತೆ ಇಟ್ಟು ಐವತ್ತು ಹಾಳೆ ತಂದುಕೊಟ್ರು. ಒಂದಿಲ್ಲ ಅಂತ ಅವರಿಗೆ ಹೇಗೆ ಹೇಳ್ಲಿ, ತಗೊಂಡು ಹೋಗಿ ಹೂತುಬಿಡಿ ಅಂತ? ಹಳೇ ಹಾಳೆ ಎಲ್ಲಾದ್ರೂ ಇದ್ದೇ ಇರುತ್ತೆ. ಸಿಕ್ಕಿದ ದಿನ ನಿಂದನ್ನ ತೆಗೆಸಿಬಿಡು. ನಾನಿಲ್ದೇ ಇದ್ರೂ ತೆಗೆಸು. ಮಾತು ಕೊಡು.”

ಕೊಟ್ಟಳು. ಕೊಡದೆ ಏನು ಮಾಡಿಯಾಳು.

ಅವಳ ಹಾಳೆಯಲ್ಲಿರುವುದು ಇಡೀ ತೋರಾದಲ್ಲೇ ಸಪ್ಪೆಯಾದ ಭಾಗ ಎಂದು ಕೆಲವರು ನಗುತ್ತಾರೆ. ಈಜಿಪ್ಟಿನಿಂದ ಹೊರಬಿದ್ದ ಹಿರೀಕರು ನಲವತ್ತು ವರ್ಷ ಮರಳುಗಾಡಿನಲ್ಲಿ ಎಲ್ಲೆಲ್ಲಿ ಬಿಡಾರ ಹೂಡಿದರು ಎಂಬ ಪಟ್ಟಿ. ಅಲ್ಲಿಂದ ಹೊರಟರು, ಇಲ್ಲಿ ಇಳಿದರು. ಇಲ್ಲಿಂದ ಹೊರಟರು, ಮತ್ತೊಂದು ಕಡೆ ಇಳಿದರು. ನಲವತ್ತೆರಡು ಊರು. ವರ್ಷಕ್ಕೊಮ್ಮೆ, ಚಿಲ್ಲಾ ಎನ್ನುವ ನಡುಬೇಸಿಗೆಯ ನಲವತ್ತು ದಿನದ ಬೆಂಕಿ ಬಿಸಿಲಿನಲ್ಲಿ, ಒಂದು ಶನಿವಾರ ಅದನ್ನು ಓದುವ ಸರದಿ. ಮೊದಲ ವರ್ಷ ಹೆಂಗಸರ ಕೋಣೆಯಲ್ಲಿ ಕೂತ ಸಿವ್ಯೊ, ಓದುವಾಗ ಸೂರು ಕುಸಿಯುತ್ತದೆಂದು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಸೂರು ಕುಸಿಯಲಿಲ್ಲ. ಎರಡನೇ ವರ್ಷವೂ ಇಲ್ಲ. ಹತ್ತನೇ ವರ್ಷದ ಹೊತ್ತಿಗೆ ಅವಳು ಆ ಶನಿವಾರಕ್ಕೆ ಕಾಯತೊಡಗಿದ್ದಳು, ಯಾರಿಗೂ ಹೇಳದೆ ಹೊಸ ತಲೆವಸ್ತ್ರ ತೆಗೆದಿಡುತ್ತಿದ್ದಳು. ಹಾಗೆ ಕಾಯುವುದು ಪಾಪವೇನೋ ಎಂದು ಆಮೇಲೆ ಒಂದು ವಾರ ನಿದ್ದೆಗೆಡುತ್ತಿದ್ದಳು.

ತೊಂಬತ್ಮೂರರ ಬೇಸಿಗೆಯಲ್ಲಿ ಹಾಳೆ ಸಿಕ್ಕಿತು.

ಆಗ ಕೇರಿ ಅರ್ಧ ಖಾಲಿ. ವಾರಕ್ಕೊಂದು ಮನೆ ಮಾರಿ ಜನ ಇಸ್ರೇಲಿಗೋ ಅಮೆರಿಕಕ್ಕೋ ಹೋಗುತ್ತಿದ್ದರು. ಇಲ್ಯಾವು ಮೊಮ್ಮಗನೂ ಮನೆ ಮಾರಿದ. ಕೊಂಡವನು ನಲ್ಲಿ ರಿಪೇರಿಯ ಶಾವ್ಕತ್, ಪಕ್ಕದ ಬೀದಿಯ ಮುಸಲ್ಮಾನ, ಒಳ್ಳೆಯ ಮನುಷ್ಯ. ಸುಣ್ಣ ಹೊಡೆಸಲು ನಿಂತವನಿಗೆ ಬಾಗಿಲಿನ ಎದುರು ಗೋಡೆಯಲ್ಲಿ ಮೊಳದಗಲದ ಒಂದು ಚೌಕ ಕಂಡಿತು. ಗಾರೆಯಿಲ್ಲ, ಸುಣ್ಣವಿಲ್ಲ, ಬರೀ ಇಟ್ಟಿಗೆ. ಯೆಹೂದಿ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಯೆರೂಸಲೇಮಿನ ದೇವಾಲಯ ಹಾಳಾಗಿ ಬಿದ್ದಿರುವಾಗ ನಮ್ಮ ಮನೆ ಪೂರಾ ಚೆಂದವಾಗಿರುವುದು ಬೇಡ ಎಂದು ಅಷ್ಟು ಜಾಗ ಹಾಗೇ ಬಿಡುತ್ತಾರೆ. ಅಲ್ಲಿ ಮೊಳೆ ಹೊಡೆಯುವುದಿಲ್ಲ, ಕೈ ಆಡಿಸುವುದಿಲ್ಲ. ಶಾವ್ಕತ್‌ಗೇನು ಗೊತ್ತು? ಚೆಂದದ ಗೋಡೆಗೆ ಇದೇನು ಗಾಯ ಎಂದು ಸಡಿಲ ಇಟ್ಟಿಗೆ ಎರಡು ಕಿತ್ತ. ಹಿಂದಿನ ಪೊಳ್ಳಿನಲ್ಲಿ ಉದ್ದನೆ ಬೂಟಿನ ಕಾಲು, ಅದರೊಳಗೆ ಎಣ್ಣೆಬಟ್ಟೆ, ಬಟ್ಟೆಯೊಳಗೆ ಕಂದು ಚರ್ಮದ ಹಾಳೆ. ದೇವರ ಬರಹವಿದ್ದೀತು ಎಂದು ಅವನು ಅದನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕನಿಸೊಗೆ ತಂದುಕೊಟ್ಟ.

ಕೇರಿಯ ಹಿರಿಯರು ಹಣೆ ಹಣೆ ಚಚ್ಚಿಕೊಂಡರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅಂಗಳ ಆಳೆತ್ತರ ಅಗೆದವರು, ಆ ಚೌಕ ಮಾತ್ರ ಮುಟ್ಟಕೂಡದ್ದು ಎಂದು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಇಲ್ಯಾವು ತನ್ನ ಜನರನ್ನು ಚೆನ್ನಾಗಿ ಅರಿತಿದ್ದ.

ಸುದ್ದಿ ಬಂದಾಗ ಸಿವ್ಯೊ ಪಲಾವಿಗೆ ಗಜ್ಜರಿ ಹೆಚ್ಚುತ್ತಿದ್ದಳು. ಅವಳಿಗೆ ನಗು ಬಂತು. ಬೆನ್ನಿಗೇ ಯಾರೋ ಸತ್ತ ಸುದ್ದಿ ಕೇಳಿದವಳ ಹಾಗೆ ಚಾಕು ಕೆಳಗಿಟ್ಟಳು. ನಲವತ್ತೇಳು ವರ್ಷ ಯಾವುದು ಸಿಗಲಿ ಎಂದು ಬೇಡಿಕೊಂಡಿದ್ದಳೋ ಅದು ಸಿಕ್ಕಿದೆ, ಮಾವನಿಗೆ ಕೊಟ್ಟ ಮಾತು ತೀರುವ ಕಾಲ ಬಂದಿದೆ. ಖುಷಿಪಡಬೇಕು. ಖುಷಿ ಎಲ್ಲಿ ಹೋಯಿತು ಎಂದು ಅವಳು ಒಳಗೆಲ್ಲ ಹುಡುಕಿದಳು. ಆ ದಿನದ ಪಲಾವಿಗೆ ಎರಡು ಸಲ ಉಪ್ಪು ಬಿತ್ತು. ಇಸ್ತಮ್ ಒಂದು ತುತ್ತು ಬಾಯಿಗಿಟ್ಟು, “ಇದು ಊಟವೋ ಸಮುದ್ರವೋ?” ಎಂದಳೇ ಹೊರತು ಮುಂದಕ್ಕೆ ಜಗಳ ತೆಗೆಯಲಿಲ್ಲ. ಅದೂ ಸಿವ್ಯೊಗೆ ಸೋಜಿಗವಾಯಿತು.

ಕನಿಸೊ ನೋಡಿಕೊಳ್ಳುವವನು ರಫೊಯೆಲ್. ವೃತ್ತಿಯಲ್ಲಿ ಕ್ಷೌರಿಕ, ಶನಿವಾರ ತೋರಾ ಓದುವವನೂ ಅವನೇ. ಅವನು ತಾಷ್ಕೆಂತಿಗೆ ಫೋನು ಮಾಡಿ, ಯೆರೂಸಲೇಮಿನಿಂದ ಹಳೆಯ ಸುರುಳಿ ರಿಪೇರಿಗೆಂದು ಬಂದಿದ್ದ ಅವ್ನೇರ್ ಎಂಬ ಲಿಪಿಕಾರನನ್ನು ಕರೆಸಿದ. ಅವ್ನೇರ್‌ಗೆ ಮೂವತ್ತೈದೂ ಇರಲಿಕ್ಕಿಲ್ಲ, ಸಮರ್ಕಂದದಿಂದ ಹೋದವರ ಮಗ, ನಮ್ಮ ಮಾತೇ ಆಡುತ್ತಿದ್ದ. ಶಾಸ್ತ್ರ ಬಲ್ಲವರನ್ನೆಲ್ಲ ಕರೆಯುವ ಹಾಗೆ ಅವನನ್ನೂ ಜನ ಮುಲ್ಲೊ ಎಂದೇ ಕರೆದರು. ಪಟ್ಟಿ ಓದುವ ಶನಿವಾರಕ್ಕೆ ಇನ್ನು ಆರೇ ದಿನವಿತ್ತು.

ಸೋಮವಾರ ಇಡೀ ದಿನ ಅವನು ಉದ್ದ ಮೇಜಿನ ಮೇಲೆ ಸುರುಳಿ ಬಿಚ್ಚಿಟ್ಟು ಭೂತಗನ್ನಡಿ ಹಿಡಿದು ನೋಡಿದ. ಸಂಜೆಯ ಪ್ರಾರ್ಥನೆಗೆ ಬಂದ ಹದಿನಾಲ್ಕು ಗಂಡಸರ ಮುಂದೆ, ಕಿಟಕಿಯಾಚೆ ಕೂತ ಹೆಂಗಸರಿಗೂ ಕೇಳುವ ಹಾಗೆ ವಿಷಯ ಹೇಳಿದ. ಹಳೆಯ ಹಾಳೆ ಗಟ್ಟಿಯಾಗಿದೆ, ಮೂರು ಅಕ್ಷರಕ್ಕೆ ಮಸಿ ತೀಡಿದರೆ ಸಾಕು. ಆದರೆ ಈಗ ಸುರುಳಿಯಲ್ಲಿರುವ ಹಾಳೆಯಲ್ಲೂ ಅಕ್ಷರದೋಷ ಕಾಣುತ್ತಿಲ್ಲ. ದೋಷವಿಲ್ಲದ್ದನ್ನು ಕಿತ್ತುಹಾಕುವುದು ತನಗೆ ಒಪ್ಪುವುದಿಲ್ಲ, ನೀವೇ ತೀರ್ಮಾನ ಮಾಡಿ ಎಂದ.

ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯಿತು. ಹಳೆಯದು ಹಳೆಯದೇ, ಮಶ್ಹದಿನಿಂದ ಬಂದದ್ದು ಎಂದ ರಫೊಯೆಲ್. ಮುಲ್ಲೊ ಅವರ ಪವಾಡದ ಹಾಳೆಯನ್ನು ಕೀಳುವುದೇ, ಕೈ ಬಿದ್ದು ಹೋದೀತು ಎಂದರು ಇನ್ನು ಕೆಲವರು. ಹೆಂಗಸರ ಕಿಟಕಿಯಿಂದ ಇಸ್ತಮ್ ಗಂಟಲು ಎಲ್ಲರಿಗಿಂತ ಮೇಲೆ ಹೋಯಿತು. ತನ್ನ ಅಪ್ಪನ ಹಾಳೆಗೆ ಕತ್ತರಿ ತಾಗಿಸುವವನು ಮೊದಲು ತನ್ನನ್ನು ದಾಟಿ ಹೋಗಲಿ ಎಂದಳು. ಆ ಗಂಟಲಿನ ಮುಂದೆ ರಫೊಯೆಲ್ ಎಷ್ಟರವನು? ಪವಾಡದ ಹಾಳೆ ಇರಲಿ, ಸಿಕ್ಕಿದ ಹಾಳೆಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಡುವುದು ಎಂದು ತೀರ್ಮಾನವಾಯಿತು. ಎಲ್ಲರೂ ಹಗುರಾದರು.

ಅವ್ನೇರ್ ಮಾತ್ರ ಇನ್ನೂ ಗನ್ನಡಿ ಬಿಟ್ಟಿರಲಿಲ್ಲ. ಬರಹವೆಲ್ಲ ಇಷ್ಟು ಸ್ಥಿರವಾಗಿದೆ, ದೇವರ ಹೆಸರು ಬಂದ ಕಡೆಯಲ್ಲಿ ಮಾತ್ರ ಗೆರೆ ನಡುಗಿದೆಯಲ್ಲ, ಏಕಿರಬಹುದು ಎಂದು ಕೇಳಿದ. ಕಿಟಕಿಯಿಂದ ಇಸ್ತಮ್ ತಟ್ಟನೆ, “ಭಯಭಕ್ತಿ, ಮುಲ್ಲೊ. ದೇವರ ಹೆಸರು ಬರೆಯುವಾಗ ಯಾರಿಗಾದ್ರೂ ಕೈ ನಡುಗಲ್ವಾ?” ಎಂದಳು. ಜನ ಆಹಾ ಎಂದರು.

ಸಿವ್ಯೊ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಪಕ್ಕದ ಮನೆ ಬಾಗಿಲಿಗೆ ಬೀಗದಕೈ ಹಾಕಿ ತಿರುಗಿಸುತ್ತಾ ನಿಂತಿದ್ದಳಂತೆ, ಇಸ್ತಮ್ ತೋಳು ಹಿಡಿದು ಎಳೆದುಕೊಂಡು ಬಂದಳು. ಸುಮ್ಮನಿದ್ದುಬಿಟ್ಟರೆ ಸಾಕು. ಅವಳ ಹಾಳೆ ಇನ್ನು ನೂರು ವರ್ಷ ಆ ಸುರುಳಿಯಲ್ಲಿರುತ್ತದೆ. ಮುಲ್ಲೊ ಮಾನ ಉಳಿಯುತ್ತದೆ, ಇಸ್ತಮ್ ಕತೆ ಉಳಿಯುತ್ತದೆ. ಅವಳ ಒಳಮನಸ್ಸು ಬೇಡುತ್ತಿದ್ದದ್ದೂ ಅದನ್ನೇ, ಈಗ ಕೇರಿಯೇ ತಟ್ಟೆಯಲ್ಲಿಟ್ಟು ಕೊಟ್ಟಿದೆ. ಆದರೆ ತೋರಾ? ಅಸಲು ಹಾಳೆ ಪಕ್ಕದಲ್ಲೇ ಬಟ್ಟೆಯೊಳಗೆ ಮಲಗಿರುವಾಗ, ಸಲ್ಲದ ಹಾಳೆಯ ತೋರಾವನ್ನು ಜನ ಮುತ್ತಿಡುತ್ತಾ ಇರಬೇಕು. ಹಿಂದೆ ಬೇರೆ ದಾರಿ ಇರಲಿಲ್ಲ ಎನ್ನಬಹುದಿತ್ತು. ಇನ್ನು ಮುಂದೆ? ಐವತ್ತು ಮನೆಯವರು ಪ್ರಾಣ ಕೈಯಲ್ಲಿ ಹಿಡಿದು ಉಳಿಸಿದ್ದು ಇವಳೊಬ್ಬಳ ಆಸೆಗೆ ಹಾಳಾಗಬೇಕೆ? ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಬೆಳಿಗ್ಗೆ ಅವಳು ಚಹಾದ ಕೆಟಲೂ ಬಿಸಿ ರೊಟ್ಟಿಯೂ ಹಿಡಿದು ಕನಿಸೊಗೆ ಹೋದಳು. ಹೇಳಲು ಹೊರಟಿದ್ದಾಳೋ, ಹಾಳೆಯನ್ನು ಕೊನೆಯದಾಗಿ ನೋಡಲೋ, ಬರೀ ಚಹಾ ಕೊಡಲೋ, ಹೊಸ್ತಿಲು ದಾಟುವತನಕ ಅವಳಿಗೂ ಖಚಿತವಿರಲಿಲ್ಲ. ಅವ್ನೇರ್ ಒಬ್ಬನೇ ಇದ್ದ. ಎದ್ದು ನಿಂತು, ‘ಕೂತ್ಕೊಳ್ಳಿ ಬೀಬಿ’ ಎಂದು ಅಜ್ಜಿಗೆ ಕೊಡುವ ಗೌರವ ಕೊಟ್ಟ. ಅವಳು ಕೂರಲಿಲ್ಲ.

“ಮುಲ್ಲೊ, ಆ ಹೆಸರಿನ ಹತ್ರ ನಡುಕ ಯಾಕೆ ಅಂತ ಕೇಳಿದ್ರಲ್ಲ.”

“ನಿಮ್ಮ ನಾದಿನಿ ಹೇಳಿದ್ರಲ್ಲ ಬೀಬಿ, ಭಯಭಕ್ತಿ ಅಂತ.”

“ಭಯಭಕ್ತಿ ಅಲ್ಲ. ಅಲ್ಲಿ ಮಾತ್ರ ನಮ್ಮ ಮಾವ ನನ್ನ ಕೈ ಹಿಡ್ಕೊಂಡಿದ್ರು. ಮಿಕ್ಕಿದ್ದು ಎಲ್ಲಾ ನಂದು.”

ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಮಸಿ ಯಾವುದರಿಂದ ಕಾಯಿಸಿದಿರಿ ಎಂದು ಕೇಳಿದ. ಮಾಚಿಕಾಯಿ, ಗೋಂದು, ದೀಪದ ಕಾಡಿಗೆ ಎಂದಳು. ಗೆರೆ ಹೇಗೆ ಎಳೆದಿರಿ ಎಂದ. ಕಸೂತಿಯ ಮೊಂಡು ದಬ್ಬಳದಿಂದ ಎಂದಳು. ಅವನು ಹಾಳೆಯನ್ನು ಒಮ್ಮೆ, ಅವಳ ಬೆರಳುಗಳನ್ನು ಒಮ್ಮೆ ನೋಡಿ ತಲೆ ಹಿಡಿದುಕೊಂಡು ಕೂತ. ಇಂಥದ್ದಕ್ಕೆ ಅವನಿಗೆ ಯಾವ ಗುರುವೂ ಪಾಠ ಹೇಳಿರಲಿಲ್ಲ.

“ಬೀಬಿ, ನೀವು ಸುಮ್ನಿದ್ದಿದ್ರೆ ನಿಮ್ಮ ಹಾಳೆ ಅಲ್ಲೇ ಇರ್ತಿತ್ತು. ಗೊತ್ತಿತ್ತಲ್ವಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಿದ್ರಿ?”

“ಅದೇ ನನಗೂ ತಿಳೀತಾ ಇಲ್ಲ,” ಎಂದಳು ಸಿವ್ಯೊ. ಆಮೇಲೆ, ನಲವತ್ತೇಳು ವರ್ಷ ಓದಿದ್ದು, ಕೇಳಿದ್ದು, ಆ ಸುರುಳಿಯ ಮುಂದೆ ನಿಂತು ದೊಡ್ಡವರಾದ ಅಷ್ಟೊಂದು ಹುಡುಗರು, ಅದೆಲ್ಲ ಏನಾಯಿತು, ನೀರಲ್ಲಿ ಹೋಯಿತೇ ಎಂದು ಕೇಳಿದಳು.

ಅವ್ನೇರ್ ಭೂತಗನ್ನಡಿಯನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟ. ತಾನು ಅಕ್ಷರ ತಿದ್ದುವವನು, ಅಷ್ಟು ದೊಡ್ಡ ಲೆಕ್ಕ ತನ್ನದಲ್ಲ ಎಂದ. ಗೊತ್ತಿಲ್ಲದೆ ಓದಿದವರಿಗೂ ಗೊತ್ತಿಲ್ಲದೆ ಕೇಳಿದವರಿಗೂ ದೋಷ ತಟ್ಟದು ಎಂದು ತನ್ನ ಅನಿಸಿಕೆ ಎಂದ.

“ಹಾಗಾದ್ರೆ ಅಷ್ಟೂ ಜನರಲ್ಲಿ ತೋರಾ ಕೇಳದೇ ಉಳಿದವಳು ನಾನೊಬ್ಬಳೇ ಅನ್ನಿ.”

ಅವನು ಬಟ್ಟಲು ಎತ್ತಿಕೊಂಡ. ಚಹಾ ತಣ್ಣಗಾಗಿತ್ತು. ಆದರೂ ಪೂರ್ತಿ ಕುಡಿದ.

ಸಂಜೆ ಅವನು ಜನರಿಗೆ ಹೇಳಿದ್ದು ಇಷ್ಟೇ. ಮತ್ತೆ ನೋಡಿದಾಗ ಒಂದು ದೋಷ ಕಂಡಿತು, ಮುಲ್ಲೊ ಅವರ ಮರ್ಯಾದೆಗಾಗಿ ಏನೆಂದು ಬಿಡಿಸಿ ಹೇಳಲಾರೆ, ಹಳೆಯ ಹಾಳೆಯನ್ನೇ ಹಾಕಬೇಕು. ಎಲ್ಲರ ಕತ್ತೂ ಹೆಂಗಸರ ಕಿಟಕಿಯ ಕಡೆ ತಿರುಗಿತು. ಇಸ್ತಮ್ ಈಗ ಸಿಡಿಯುತ್ತಾಳೆ ಎಂದು ರಫೊಯೆಲ್ ಒಂದು ಹೆಜ್ಜೆ ಹಿಂದಕ್ಕೂ ಸರಿದಿದ್ದ. ಇಸ್ತಮ್ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಲ್ಲವರು ದೋಷ ಎಂದ ಮೇಲೆ ಮಾಡುವುದೇನು, ಆಗಲಿ ಎಂದಳು. ಅಷ್ಟೇ. ಸಿವ್ಯೊಗೆ ಇದು ತನ್ನ ನಾದಿನಿಯೇ ಹೌದೋ ಅಲ್ಲವೋ ಎನಿಸಿತು. ಬೈಗುಳ ತಿನ್ನಲು ಬೆನ್ನು ಗಟ್ಟಿ ಮಾಡಿಕೊಂಡಿದ್ದವಳಿಗೆ, ಬೈಗುಳ ಬಾರದೆ ಹೋದದ್ದು ಇನ್ನೂ ಭಾರವಾಯಿತು.

ಬುಧವಾರ ಅವ್ನೇರ್ ಅವಳ ಹಾಳೆಯ ಎರಡೂ ಕಡೆಯ ಹೊಲಿಗೆ ಕತ್ತರಿಸಿದ, ಹಳೆಯದನ್ನು ಅದರ ಜಾಗಕ್ಕೆ ಇಟ್ಟು ನರದ ದಾರದಿಂದ ಹೊಲಿದ. ತೆಗೆದ ಹಾಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟರು. ದೇವರ ಹೆಸರಿರುವುದನ್ನು ಬಿಸಾಡುವಂತಿಲ್ಲ, ಕೇರಿಯಲ್ಲಿ ಮುಂದೆ ಯಾರಾದರೂ ತೀರಿಕೊಂಡಾಗ ಅವರ ಜೊತೆ ಮಣ್ಣಿಗೆ ಇಡುತ್ತಾರೆ.

ಶನಿವಾರ ಸಿವ್ಯೊ ತಲೆವಸ್ತ್ರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಇಂದು ತನಗೇನು ಹಬ್ಬ ಎಂದು ಅವಳಿಗೆ ಅರ್ಥವಾಗಲಿಲ್ಲ. ರಫೊಯೆಲ್ ಕರಡಿಗೆ ತೆರೆದು ಓದತೊಡಗಿದ. ಮೂವತ್ತು ವರ್ಷ ಅವಳ ಸಾಲುಗಳಿಗೆ ಒಗ್ಗಿದ್ದ ಕಣ್ಣು, ಹಳೆಯ ಹಾಳೆಯ ಮೇಲೆ ಅಲ್ಲಲ್ಲಿ ಎಡವಿತು. ಹೊರಟರು, ಇಳಿದರು. ಹೊರಟರು, ಇಳಿದರು. ಈಗ ತಾನು ಮೊದಲ ಬಾರಿಗೆ ನಿಜವಾದ ತೋರಾ ಕೇಳುತ್ತಿದ್ದೇನೆ, ಏನಾದರೂ ಬೇರೆ ಕೇಳಿಸೀತು ಎಂದು ಅವಳು ಕಿವಿಯಾಗಿ ಕೂತಳು. ಬೇರೇನೂ ಕೇಳಿಸಲಿಲ್ಲ. ಅದೇ ಊರುಗಳು, ಅದೇ ಬಿಸಿಲು. ಮಾವ ಒಂದೊಂದಾಗಿ ಬಾಯಿಗಿಟ್ಟಿದ್ದ ಪದಗಳು ತಾವಾಗಿಯೇ ಅವಳ ತುಟಿಗೆ ಬರುತ್ತಿದ್ದವು, ಓದುವವನಿಗಿಂತ ಒಂದು ಊರು ಮುಂದಾಗಿಯೇ. ಪಕ್ಕದಲ್ಲಿ ಕೂತ ಇಸ್ತಮ್ ಆ ತುಟಿಗಳನ್ನು ನೋಡುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಇಬ್ಬರೂ ಊಟಕ್ಕೆ ಕೂತರು. ಶನಿವಾರ ಬೆಂಕಿ ಹಚ್ಚುವಂತಿಲ್ಲವೆಂದು ಹಿಂದಿನ ದಿನವೇ ಒಲೆಯ ಮೇಲಿಟ್ಟ ಅನ್ನ ಮಾಂಸ ಒಣದ್ರಾಕ್ಷಿಯೆಲ್ಲ ಬೆರೆತು ಕೆಂಪಗಾಗಿತ್ತು. ಇಸ್ತಮ್ ಬಡಿಸಿದಳು. ಉಪ್ಪಿನ ಮಾತೆತ್ತಲಿಲ್ಲ.

“ಅತ್ತಿಗೆ, ಆ ಹುಡುಗನಿಗೆ ನೀನೇ ಹೇಳ್ದೆ ಅಲ್ವಾ?”

ಸಿವ್ಯೊ ಕೈಯ ತುತ್ತು ತಟ್ಟೆಗೆ ಬಿತ್ತು. “ಏನನ್ನ?”

“ಇನ್ನೇನನ್ನ. ಅಪ್ಪ ವಾಪಸ್ ಬಂದಾಗಿಂದ ಕಣ್ಣು ಮುಚ್ಚೋವರೆಗೂ ದಿನಾ ಸಂಜೆ ಚಮಚದಲ್ಲಿ ಸಾರು ಕುಡಿಸಿದೋಳು ನಾನು. ತನ್ನ ಅಂಗಿ ಗುಂಡಿ ತಾನು ಹಾಕ್ಕೊಂಡಿಲ್ಲ ಆ ಮನುಷ್ಯ. ಆ ಕೈ ನಡುಗೋದು ಯಾವತ್ತು ನಿಂತಿತ್ತೇ?”

ಸಿವ್ಯೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ತನ್ನ ಕೆಲಸವನ್ನು ಕಿತ್ತು ಅಪ್ಪನ ಹೆಸರಿಗೆ ಹಚ್ಚುತ್ತಿದ್ದಾಳೆ ಎಂದು ಇವಳ ಮೇಲೆ ಒಳಗೊಳಗೇ ಎಷ್ಟು ಸಲ ಕುದಿದಿದ್ದಳು.

“ಗೊತ್ತಿದ್ದೂ ಊರಿಗೆಲ್ಲಾ ಪವಾಡ ಪವಾಡ ಅಂತ ಸಾರಿದ್ಯಲ್ಲೇ...”

“ಸಾರಿದೆ. ಮನೆಗೆ ಬಂದೋರಿಗೆಲ್ಲಾ ಬೇಕೋ ಬೇಡವೋ ಹಿಡಿದು ಕೂರಿಸ್ಕೊಂಡು ಹೇಳ್ದೆ. ನೀನೇ ಹೇಳು, ಈ ನಲವತ್ತೇಳು ವರ್ಷದಲ್ಲಿ ಒಬ್ರಾದ್ರೂ ನಿನ್ನ ಹತ್ರ ಬಂದು, ಆ ಹಾಳೆ ಯಾರು ಬರೆದಿದ್ದು ಅಂತ ಕೇಳಿದ್ರಾ?”

ಒಬ್ಬರೂ ಕೇಳಿರಲಿಲ್ಲ. ಸಿವ್ಯೊ ಆಗ ಅತ್ತಳು. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಳೆಗಾಗಿಯೋ, ಮಾವನಿಗಾಗಿಯೋ, ಎದುರಿಗೆ ಕೂತು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ ಆ ಬಾಯಿಬಡುಕಿಗಾಗಿಯೋ, ಅವಳಿಗೇ ತಿಳಿಯಲಿಲ್ಲ.